ಸೌರದೀಪದ ಬ್ಯಾಟರಿ: ಬಯಲಿನ ಬೇಗೆಯಲ್ಲಿ, ಮಲೆಯ ಮಳೆಯಲ್ಲಿ



ಕಲಬುರಗಿ ಜಿಲ್ಲೆ ಜೇವರ್ಗಿ ತಾಲೂಕಿನ ಅಂದೋಲಾ ಕಪ್ಪುಮಣ್ಣಿನ ಬಯಲಿನ ಊರು. ತೊಗರಿ, ಜೋಳ, ಹತ್ತಿಗಳ ಸೀಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಮಳೆಕಾಡಿನ ನಡುವಿನ ಸಭೆಯಲ್ಲಿ ಆ ದೂರದ ಊರಿನ ಮಾತೇಕೆ ಎಂಬ ಪ್ರಶ್ನೆ ಸಹಜವೇ. ಮಲೆನಾಡಿನ ಒಂಟಿಮನೆಯ ಮೂಲೆಯಲ್ಲಿರುವ ಬ್ಯಾಟರಿಯೂ ಅಂದೋಲಾದ ಮಾಳಿಗೆ ಮನೆಯ ಬ್ಯಾಟರಿಯೂ ಒಂದೇ ಬಗೆಯವು. ಎರಡೂ ಕಡೆ ಅವು ಆಯುಸ್ಸು ತೀರುವ ಮೊದಲೇ ಸಾಯುತ್ತವೆ. ಆದರೆ ಸಾಯುವ ಬಗೆ ಬೇರೆ. ಒಂದು ಬೆಂದು ಸಾಯುತ್ತದೆ, ಇನ್ನೊಂದು ಹಸಿದು ಸಾಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗ ಆ ಪೆಟ್ಟಿಗೆಯೊಳಗಿನ ವ್ಯವಹಾರ ಸ್ಪಷ್ಟವಾಗುತ್ತದೆ.

1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊದಂತಹ ಸಂಸ್ಥೆಗಳು, ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ, ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪವನ್ನು ತಲುಪಿಸಿದ ಕಥೆ ಹಲವರಿಗೆ ತಿಳಿದದ್ದೇ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. ಛಾವಣಿಯ ಮೇಲಿನ ಫಲಕ ಇಪ್ಪತ್ತು ವರ್ಷಕ್ಕೂ ಮೀರಿ ಬಾಳುವ ವಸ್ತು. ಕೆಲವೇ ವರ್ಷಗಳಲ್ಲಿ ಕೈಕೊಡುವುದು ಅದರ ಕೆಳಗಿನ ಬ್ಯಾಟರಿ. ಆಗ ಮನೆಯವರು ಸೌರಶಕ್ತಿಯನ್ನೇ ದೂರುತ್ತಾರೆ. ಹೊಸ ಬ್ಯಾಟರಿಗೆ ಹಣ ಹೊಂದಿಸಲಾಗದ ಮನೆಯಲ್ಲಿ ಮಕ್ಕಳ ಓದು ಮತ್ತೆ ಬುಡ್ಡಿದೀಪಕ್ಕೆ ಮರಳುತ್ತದೆ.

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಅದರಲ್ಲಿ ಇಂದು ಎರಡು ಕುಲಗಳಿವೆ. ವಾಹನದ ಇಂಜಿನನ್ನು ಚಾಲೂ ಮಾಡುವ ಬ್ಯಾಟರಿಗೆ ತೆಳುವಾದ ಅನೇಕ ಫಲಕಗಳು. ಅದು ಕೆಲವು ಕ್ಷಣ ಅಪಾರ ವಿದ್ಯುತ್ತನ್ನು ಕೊಟ್ಟು, ಕೂಡಲೇ ಮತ್ತೆ ತುಂಬಿಕೊಳ್ಳಬೇಕು. ಡೀಪ್ ಸೈಕಲ್ ಬ್ಯಾಟರಿಗೆ ದಪ್ಪ ಫಲಕಗಳು. ಅದು ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗುತ್ತ, ನಿತ್ಯವೂ ತುಂಬುತ್ತ ಬದುಕುವಂಥದ್ದು. ಪರದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿಗಳಲ್ಲಿ ದೀಪ, ನೀರಿನ ಪಂಪುಗಳಿಗೆ ಇರುವುದು ಇದೇ. ನಮ್ಮಲ್ಲಿ ಇನ್ವರ್ಟರಿನ ಮತ್ತು ಸೌರದೀಪದ ಟ್ಯೂಬುಲರ್ ಬ್ಯಾಟರಿ ಈ ಕುಲದ್ದು. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಸೌರದೀಪಕ್ಕೆ ಕಟ್ಟುವುದು ಓಟದ ಕುದುರೆಯನ್ನು ನೇಗಿಲಿಗೆ ಹೂಡಿದಂತೆ. ಸೌರದೀಪದ ಬ್ಯಾಟರಿಯನ್ನು ತೆಗೆದು ಟ್ರ್ಯಾಕ್ಟರ್ ಚಾಲೂ ಮಾಡುವುದೂ ಅಷ್ಟೇ ಅವಿವೇಕದ ಕೆಲಸ.

ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಸಣ್ಣ ಹರಳುಗಳು ಕೂಡುತ್ತವೆ. ಬೇಗ ಮರುತುಂಬಿದರೆ ಅವು ಕರಗಿ ಮೊದಲಿನ ರೂಪಕ್ಕೆ ಬರುತ್ತವೆ. ದಿನಗಟ್ಟಲೆ ಅರೆಹೊಟ್ಟೆಯಲ್ಲಿ ಬಿಟ್ಟರೆ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ. ಆ ಮೇಲೆ ಎಷ್ಟು ಬಿಸಿಲು ಕುಡಿಸಿದರೂ ಕರಗುವುದಿಲ್ಲ. ಮಲೆನಾಡಿನಲ್ಲಿ ನಡೆಯುವುದು ಇದು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಂತಹ ಕಡೆ ಆಷಾಢದಲ್ಲಿ ಸೂರ್ಯದರ್ಶನವೇ ಅಪರೂಪ. ಫಲಕದ ಉತ್ಪನ್ನ ಬೇಸಿಗೆಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮನೆಯ ಬಳಕೆ ಮಾತ್ರ ಕತ್ತಲೆ ಹೆಚ್ಚಿದಷ್ಟೂ ಏರುತ್ತದೆ.

ಇಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಬ್ಯಾಟರಿಯ ಮೊದಲ ಐದರಲ್ಲಿ ನಾಲ್ಕು ಪಾಲು ಬೇಗ ತುಂಬುತ್ತದೆ. ಕೊನೆಯ ಐದನೆಯ ಒಂದು ಪಾಲು ತುಂಬಲು ಹಲವು ಗಂಟೆಗಳೇ ಬೇಕು. ತುಂಬಿದ ಕೊಡದ ಬಾಯಿಗೆ ಸಣ್ಣ ಧಾರೆಯಲ್ಲಿ ನೀರು ಬಿಡುವಂತೆ ಅದು ನಿಧಾನವಾಗಿಯೇ ಒಳಗಿಳಿಯಬೇಕು. ಮಧ್ಯಾಹ್ನ ಹಸಿರು ದೀಪ ಕಂಡಿತೆಂದು ಟಿವಿ ಹಚ್ಚಿದರೆ ಆ ಕೊನೆಯ ಪಾಲು ಅಂದು ತುಂಬುವುದಿಲ್ಲ, ನಾಳೆಯೂ ತುಂಬುವುದಿಲ್ಲ. ಮನೆಯವರ ಕಣ್ಣಿಗೆ ದೀಪ ಉರಿಯುತ್ತಲೇ ಇರುತ್ತದೆ. ಒಳಗೆ ಐದನೆಯ ಒಂದು ಪಾಲು ಫಲಕ ಕಲ್ಲಾಗುತ್ತಿರುತ್ತದೆ. ಆಮ್ಲವೂ ಕೆಳಗೆ ಗಾಢ, ಮೇಲೆ ತೆಳು ಎಂದು ಪದರಗಟ್ಟುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಬ್ಯಾಟರಿ ಸಂಪೂರ್ಣ ತುಂಬುವಂತೆ ಒಂದು ಹಗಲು ಬಳಕೆಯನ್ನು ನಿಲ್ಲಿಸುವುದು, ಮಳೆಗಾಲದಲ್ಲಿ ಸಾಧ್ಯವಿದ್ದರೆ ಲೈನಿನ ಕರೆಂಟಿನಿಂದ ಸರಿಯಾದ ಚಾರ್ಜರಿನ ಮೂಲಕ ತುಂಬಿಸುವುದು, ಉಳಿದೆಲ್ಲ ಉಪಚಾರಗಳಿಗಿಂತ ದೊಡ್ಡದು.

ಎಷ್ಟು ತೆಗೆಯಬೇಕೆಂಬುದಕ್ಕೆ ವಿದ್ಯಾರ್ಥಿಗಳು ಮನೆಯಲ್ಲೇ ಲೆಕ್ಕ ಹಾಕಬಹುದು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆಯ ಸಂಗ್ರಹವಿದೆ. ಅರ್ಧಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯ ಪದ್ಧತಿ. ಹಾಗಾದರೆ ಕೈಗೆ ಸಿಗುವುದು 600. ತಲಾ 5 ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 100 ಮುಗಿಯಿತು. 75 ವ್ಯಾಟಿನ ಹಳೆಯ ಸೀಲಿಂಗ್ ಫ್ಯಾನ್ ಎಂಟು ಗಂಟೆ ತಿರುಗಿದರೆ ಅದೊಂದೇ 600 ನುಂಗುತ್ತದೆ; ಇನ್ವರ್ಟರಿನ ನಷ್ಟ ಬೇರೆ. ಸುಮಾರು 30 ವ್ಯಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 240 ಸಾಕು. ಅಂದೋಲಾದ ಬೇಸಿಗೆಯ ರಾತ್ರಿಯಲ್ಲಿ ಫ್ಯಾನ್ ಬೇಡವೆಂದು ಉಪದೇಶಿಸುವುದು ಕ್ರೂರ. ಯಾವ ಫ್ಯಾನ್ ಎಂಬ ಆಯ್ಕೆಯಲ್ಲೇ ಬ್ಯಾಟರಿಯ ವರ್ಷಗಳು ಅಡಗಿವೆ.

ವೋಲ್ಟ್ ಮೀಟರ್ ಅಗ್ಗದ ಸಾಧನ. ಕೆಲವು ಗಂಟೆ ತುಂಬಿಸದೆ, ಬಳಸದೆ ವಿಶ್ರಾಂತಿ ಕೊಟ್ಟು ಅಳೆದಾಗ ಸುಮಾರು 12.7 ವೋಲ್ಟ್ ಇದ್ದರೆ ತುಂಬಿದೆ, 12.2ರ ಆಸುಪಾಸು ಅರ್ಧ, 11.8ಕ್ಕೆ ಇಳಿದರೆ ಬರಿದಾಗಿದೆ. ಬ್ಯಾಟರಿ ಬರಿದಾಗುವ ಮೊದಲೇ ಕಂಟ್ರೋಲರ್ ದೀಪವನ್ನು ಆರಿಸುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಧಾರಾವಾಹಿಯ ಕೊನೆಯ ಅರ್ಧ ಗಂಟೆಗಾಗಿ ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸುವ ಜಾಣತನ ನಡೆಯುತ್ತದೆ. ಕಂಟ್ರೋಲರ್ ಆರಿಸುವುದು ಮುನಿಸಿನಿಂದಲ್ಲ. ಹಸುವಿನ ಕೆಚ್ಚಲಲ್ಲಿ ಕರುವಿಗೂ ಹಾಲು ಉಳಿಸುವ ನಿಯಮವದು.

ಇನ್ನು ಬಯಲಿನ ಸಾವು. ಬಿಸಿಲಿನ ನಾಡಿನಲ್ಲಿ ತುಂಬುವುದಕ್ಕೆ ಕೊರತೆಯಿಲ್ಲ, ಆದರೆ ಶಾಖವೇ ಶತ್ರು. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಈ ವಿದ್ಯೆಯ ಹಳೆಯ ಅಂದಾಜು. ಶಾಖದಲ್ಲಿ ಒಳಗಿನ ಸೀಸದ ಚೌಕಟ್ಟು ಬೇಗ ಸವೆಯುತ್ತದೆ, ನೀರೂ ಬೇಗ ಆರುತ್ತದೆ. ತಗಡಿನ ಶೆಡ್ಡಿನೊಳಗೆ ಇಟ್ಟ ಬ್ಯಾಟರಿ ಒಲೆಯ ಮೇಲಿಟ್ಟಂತೆಯೇ. ದಪ್ಪ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಯ ಒಳಭಾಗ ಹಗಲಲ್ಲೂ ತಂಪು. ಶಹಾಬಾದ್ ಕಲ್ಲಿನ ನೆಲವಿದ್ದರೆ ಮತ್ತೂ ಒಳ್ಳೆಯದು. ನೆಲದ ಮೇಲಿಟ್ಟರೆ ಕರೆಂಟು ಇಳಿದುಹೋಗುತ್ತದೆಂಬ ನಂಬಿಕೆ ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದ್ದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸದು.

ತಂಪಿನ ಜೊತೆಗೆ ಗಾಳಿಯೂ ಬೇಕು. ತುಂಬುವ ಕೊನೆಯ ಹಂತದಲ್ಲಿ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡ 4 ಮೀರಿದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನಂದಾದೀಪ ಉರಿಯುವ ದೇವರಮನೆ, ಅಡುಗೆಮನೆ, ಮುಚ್ಚಿದ ಕಪಾಟು ಬ್ಯಾಟರಿಗೆ ತಕ್ಕ ಸ್ಥಳಗಳಲ್ಲ.

ಕಂಟ್ರೋಲರಿನ ವೋಲ್ಟೇಜ್ ವಿಚಾರದಲ್ಲೂ ಎರಡು ನಾಡುಗಳ ನೀತಿ ಬೇರೆ. 25 ಡಿಗ್ರಿಯಲ್ಲಿ 14.4 ವೋಲ್ಟಿನವರೆಗೆ ತುಂಬಿಸಬೇಕಾದ ಬ್ಯಾಟರಿಗೆ 40 ಡಿಗ್ರಿಯಲ್ಲಿ ಸುಮಾರು 14 ಸಾಕು. ಹೆಚ್ಚಾದರೆ ನೀರು ಕುದಿದಂತೆ ನೊರೆಯೆದ್ದು ಆರುತ್ತದೆ. ಮಲೆನಾಡಿನ 18 ಡಿಗ್ರಿಯ ಮಳೆಗಾಲದಲ್ಲಿ 14.6ರ ಹತ್ತಿರ ಕೊಡದಿದ್ದರೆ ಪೂರ್ತಿ ತುಂಬದು. ಶಾಖವನ್ನು ಅರಿತು ತಾನೇ ಹೊಂದಿಕೊಳ್ಳುವ ಕಂಟ್ರೋಲರುಗಳಿವೆ. ಕೊಳ್ಳುವಾಗ ಕೇಳಿ ಪಡೆಯಬೇಕಾದದ್ದು ಈ ಗುಣವನ್ನು, ಮಿನುಗುವ ದೀಪಗಳ ಸಂಖ್ಯೆಯನ್ನಲ್ಲ.

ನೀರಿನ ವಿಷಯದಲ್ಲಿ ಎರಡೂ ಕಡೆ ಒಂದೇ ತಪ್ಪು. ಬಾವಿಯ ನೀರು, ಕೊಳವೆಬಾವಿಯ ನೀರು, ಹೆಂಚಿನಿಂದಿಳಿದ ಮಳೆನೀರು, ಯಾವುದೂ ಬ್ಯಾಟರಿಗೆ ಸಲ್ಲ. ಅವುಗಳಲ್ಲಿನ ಲವಣ, ಕಬ್ಬಿಣದ ಅಂಶಗಳು ಫಲಕಗಳನ್ನು ತಿನ್ನುತ್ತವೆ. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ಅದೂ ತುಂಬಿದ ಬಳಿಕ. ಫಲಕಗಳು ಬರಿದಾಗಿ ಕಂಡರೆ ಮಾತ್ರ ಅವು ಮುಳುಗುವಷ್ಟು ಮೊದಲು ಹಾಕಬಹುದು. ಆಮ್ಲವನ್ನು ಹೊಸದಾಗಿ ಸುರಿಯುವುದು ಬೇಡವೇ ಬೇಡ. ಆರಿಹೋಗುವುದು ನೀರು, ಆಮ್ಲವಲ್ಲ. ತುದಿಗಳಲ್ಲಿ ಬೆಳೆಯುವ ಬಿಳಿ-ಹಸಿರು ಕಿಲುಬನ್ನು ತಂತಿ ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಒಳಗೆ ಹನಿ ಸೇರದಂತೆ ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಹಳೆಯ ಬ್ಯಾಟರಿಗೆ ಹೊಸದನ್ನು ಜೋಡಿಸುವ ಉಳಿತಾಯ ಉಳಿತಾಯವಲ್ಲ. ಮುದಿಯ ಬ್ಯಾಟರಿ ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಲಿಥಿಯಂ ಫಾಸ್ಫೇಟ್ ಬ್ಯಾಟರಿಗಳು ಈಗ ಹಳ್ಳಿಗೂ ಬರುತ್ತಿವೆ. ಅವಕ್ಕೆ ನೀರು ಬೇಡ, ಅರೆತುಂಬಿದ್ದರೂ ತೊಂದರೆಯಿಲ್ಲ, ಸುತ್ತುಗಳೂ ಅನೇಕ ಪಟ್ಟು ಹೆಚ್ಚು. ಮಲೆನಾಡಿನ ಮಳೆಗಾಲಕ್ಕೆ ಅವು ಹೇಳಿ ಮಾಡಿಸಿದಂತಿವೆ. ಬೆಲೆ ಮಾತ್ರ ಹೆಚ್ಚು, ಬೇಗೆ ಅವಕ್ಕೂ ಆಗದು, ಅವುಗಳಿಗೆ ಒಪ್ಪುವ ಚಾರ್ಜರ್ ಬೇರೆಯೇ ಬೇಕು.

ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸವೇ. ಒಂದು ಬ್ಯಾಟರಿ ಐದು ವರ್ಷದ ಬದಲು ಎರಡೇ ವರ್ಷಕ್ಕೆ ಸತ್ತರೆ ಅಷ್ಟು ಸೀಸ ಮತ್ತೆ ಕುಲುಮೆಯ ದಾರಿ ಹಿಡಿಯುತ್ತದೆ. ವ್ಯವಸ್ಥಿತ ಕಾರ್ಖಾನೆಯಲ್ಲಿ ಅದನ್ನು ಬಹುಪಾಲು ಮರಳಿ ಪಡೆಯಬಹುದು. ಊರಾಚೆಯ ಬಯಲಿನಲ್ಲಿ ಕೊಡಲಿಯಿಂದ ಒಡೆದು, ಆಮ್ಲವನ್ನು ಹಳ್ಳಕ್ಕೆ ಸುರಿದು, ತೆರೆದ ಬೆಂಕಿಯಲ್ಲಿ ಸೀಸ ಕರಗಿಸುವವರ ಕೈಗೆ ಸಿಕ್ಕರೆ ಆ ಹೊಗೆ, ಧೂಳು ಮಕ್ಕಳ ರಕ್ತ ಸೇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಮಾತ್ರ ಸುರಕ್ಷಿತ ಎಂಬ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓದಿಗೆಂದು ತಂದ ದೀಪದ ಬ್ಯಾಟರಿ ಓದುವ ಮಗುವಿನ ಬುದ್ಧಿಗೇ ಎರವಾಗುವ ದಾರಿಯಿದು.

ಬಳಸಿದ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು 2001ರ ನಿಯಮಗಳು ತಯಾರಕರು, ಮಾರಾಟಗಾರರ ಮೇಲೆ ಹೊರಿಸಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅವುಗಳ ಸ್ಥಾನಕ್ಕೆ ಬಂದು, ಎಲ್ಲ ಬಗೆಯ ಬ್ಯಾಟರಿಗಳಿಗೂ ಉತ್ಪಾದಕರ ಹೊಣೆಯನ್ನು ವಿಸ್ತರಿಸಿವೆ. ಹಳೆಯ ಬ್ಯಾಟರಿಯನ್ನು ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ಆಮ್ಲ ಚೆಲ್ಲದೆ ಅಂಗಡಿಗೆ ಒಯ್ಯಬೇಕು. ಅದರ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆದು ರಸೀದಿ ಕೊಡುವ ಮಾರಾಟಗಾರರಿದ್ದಾರೆ. ಹಗುರವಾಗಲೆಂದು ಆಮ್ಲ ಬಸಿದು ತರುವಂತೆ ಹೇಳುವ ಗುಜರಿಯವನಿಗೆ ಅದನ್ನು ಕೊಡಬಾರದು.