ಎಡಿನ್‌ಬರೋ: ಗೈಡು ಹೇಳುವ ಕಥೆ, ಹೇಳದೆ ಬಿಡುವ ಕಥೆ



ದೇಶ ಸುತ್ತು, ಕೋಶ ಓದು ಎಂದರು ನಮ್ಮ ಹಿರಿಯರು. ಅಮೆರಿಕದಿಂದ ಬೆಂಗಳೂರಿಗೆ ಹೋಗುವಾಗ ನಮ್ಮಲ್ಲಿ ಅನೇಕರು ಲಂಡನ್ನಿನಲ್ಲಿ ಇಳಿದು, ಮಕ್ಕಳಿಗೆ ನಾಲ್ಕು ಜಾಗ ತೋರಿಸಿ ಮುಂದೆ ಸಾಗುತ್ತೇವೆ. ಮುಂದಿನ ಸಲ ಹಾಗೆ ಇಳಿದಾಗ ಇನ್ನೆರಡು ದಿನ ಕೈಯಲ್ಲಿಟ್ಟುಕೊಂಡು, ರೈಲು ಹತ್ತಿ, ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೋ ನೋಡಿ ಬನ್ನಿ.

ಅದು ನಡೆದು ನೋಡಬೇಕಾದ ಊರು. ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ಕೋಟೆ. ಅಲ್ಲಿಂದ ಕೆಳಗೆ ಹೋಲಿರೂಡ್ ಅರಮನೆಯವರೆಗೆ ಒಂದು ಮೈಲಿಗಿಂತ ತುಸು ಉದ್ದದ 'ರಾಯಲ್ ಮೈಲ್' ಬೀದಿ. ಇಕ್ಕೆಲಗಳಲ್ಲಿ 'ಕ್ಲೋಸ್' ಎಂದು ಕರೆಯುವ ಕಿರಿದಾದ ಓಣಿಗಳು. 1995ರಲ್ಲಿ ಈ ಹಳೇ ಪಟ್ಟಣವೂ ಪಕ್ಕದ ಹೊಸ ಪಟ್ಟಣವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳ್ಳೆಯ ಬೂಟು, ಮಳೆಕೋಟು ಇರಲಿ. ಛತ್ರಿ ಬೇಡ, ಅಲ್ಲಿನ ಗಾಳಿಗೆ ಅದು ನಿಲ್ಲುವುದಿಲ್ಲ!

ಸಂಜೆಯಾದರೆ ಗೈಡುಗಳ ರಾಜ್ಯ. ಕಪ್ಪು ನಿಲುವಂಗಿ ತೊಟ್ಟು, ದೆವ್ವದ ಕಥೆ ಹೇಳುತ್ತಾ ಓಣಿ ಓಣಿ ಸುತ್ತಿಸುತ್ತಾರೆ. ಮಕ್ಕಳಿಗೆ ಬಲು ಖುಷಿ. ಆದರೆ ಕಥೆ ಕೇಳುವಾಗ ಕಿವಿ ಚುರುಕಾಗಿರಲಿ. 1645ರ ಪ್ಲೇಗಿನಲ್ಲಿ ಮೇರಿ ಕಿಂಗ್ಸ್ ಕ್ಲೋಸಿನ ರೋಗಿಗಳನ್ನು ಒಳಗೇ ಬಿಟ್ಟು ಗೋಡೆ ಕಟ್ಟಿಬಿಟ್ಟರೆಂದು ಬಹುಕಾಲ ಹೇಳುತ್ತಾ ಬಂದಿದ್ದಾರೆ. ಅದು ಬರೀ ಕಟ್ಟುಕಥೆ. ಪುರಸಭೆಯವರು ಮನೆಯೊಳಗಿದ್ದ ರೋಗಿಗಳಿಗೆ ಆಹಾರ ತಲುಪಿಸಿದ್ದರು. ಜಾರ್ಜ್ ರೇ ಎಂಬ ವೈದ್ಯನನ್ನೂ ನೇಮಿಸಿದ್ದರು, ಅದೂ ಅವನಿಗಿಂತ ಮೊದಲಿದ್ದ ವೈದ್ಯ ಅದೇ ಪ್ಲೇಗಿಗೆ ಬಲಿಯಾದ ಮೇಲೆ. ದೆವ್ವಕ್ಕಿಂತ ಈ ಸಂಗತಿಯೇ ದೊಡ್ಡದಲ್ಲವೇ?

ಮುಂದೆ ಗ್ರೇಫ್ರೈಯರ್ಸ್ ಸ್ಮಶಾನ. ಯಜಮಾನನ ಸಮಾಧಿ ಕಾದ ಬಾಬಿ ಎಂಬ ನಾಯಿಯ ಪ್ರತಿಮೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ಹೋದರೆ ಕೆಲವು ಸಮಾಧಿಗಳ ಮೇಲೆ ಕಬ್ಬಿಣದ ಪಂಜರ ಕಾಣುತ್ತದೆ. ಶವಗಳ್ಳರಿಂದ ಹೆಣವನ್ನು ಕಾಪಾಡಲು ಹಾಕಿದ್ದು ಅದು. ಆ ಕಾಲಕ್ಕೆ ಎಡಿನ್‌ಬರೋ ವೈದ್ಯವಿದ್ಯೆಯ ಕಾಶಿ. ವಿದ್ಯಾರ್ಥಿಗಳು ನೂರಾರು, ಕಾನೂನಿನಂತೆ ಸಿಗುತ್ತಿದ್ದ ಶವಗಳು ಬೆರಳೆಣಿಕೆ.

ಇಲ್ಲಿ ಬರ್ಕ್ ಮತ್ತು ಹೇರ್ ಬರುತ್ತಾರೆ. 1827ರ ಕೊನೆಗೆ ಹೇರನ ವಸತಿಮನೆಯಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡ ಒಬ್ಬ ಮುದುಕ ಕಾಯಿಲೆಯಿಂದ ಸತ್ತ. ಆ ಶವವನ್ನು ಅವರು ಅನಾಟಮಿ ಕಲಿಸುತ್ತಿದ್ದ ಡಾ. ರಾಬರ್ಟ್ ನಾಕ್ಸ್‌ಗೆ 7 ಪೌಂಡ್ 10 ಷಿಲಿಂಗಿಗೆ ಮಾರಿದರು. ರುಚಿ ಹತ್ತಿತು. 1828ರ ಅಕ್ಟೋಬರ್ ಮುಗಿಯುವುದರೊಳಗೆ 16 ಜನರನ್ನು ಕೊಂದು ಮಾರಿದರು. ಹೇರ್ ಸರ್ಕಾರದ ಪರ ಸಾಕ್ಷಿ ಹೇಳಿ ಪಾರಾದ. 1829ರ ಜನವರಿ 28ರಂದು ಬರ್ಕ್‌ನನ್ನು ಗಲ್ಲಿಗೇರಿಸಿ, ಅವನ ಶವವನ್ನೇ ಡಿಸೆಕ್ಷನ್ ಮಾಡಿದರು. ಅವನ ಅಸ್ಥಿಪಂಜರ ಇಂದಿಗೂ ವಿಶ್ವವಿದ್ಯಾಲಯದ ಅನಾಟಮಿ ಮ್ಯೂಸಿಯಮ್ಮಿನಲ್ಲಿದೆ. ಡಾ. ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ.

ಗೈಡಿನ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಕೊಂದವರ ಹೆಸರು ಜಗತ್ತಿಗೇ ಗೊತ್ತು, ಸತ್ತವರದು? ಮೇರಿ ಪ್ಯಾಟರ್ಸನ್, ಬೀದಿ ಬೀದಿ ಅಲೆಯುತ್ತಿದ್ದ ಮುಗ್ಧ ಹುಡುಗ ಜೇಮ್ಸ್ ವಿಲ್ಸನ್, ಕೊನೆಗೆ ಮಾರ್ಗರೆಟ್ ಡಾಕರ್ಟಿ. ಹೆಚ್ಚಿನವರು ಬಡವರು, ಕೇಳುವವರಿಲ್ಲದವರು. ಈ ಹೆಸರುಗಳನ್ನು ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ.

1832ರಲ್ಲಿ ಬ್ರಿಟನ್ನಿನಲ್ಲಿ ಅನಾಟಮಿ ಕಾಯಿದೆ ಬಂತು. ಶವದ ಕಳ್ಳವ್ಯಾಪಾರ ನಿಂತಿತು, ನಿಜ. ಆದರೆ ಅನಾಥಾಲಯ, ಆಸ್ಪತ್ರೆಗಳಲ್ಲಿ ಸತ್ತು, ವಾರಸುದಾರರು ಬಾರದೆ ಉಳಿದ ಬಡವರ ದೇಹ ಕಾಲೇಜಿನ ಮೇಜಿಗೆ ಬಂತು. ನಾನು ಊರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗಲೂ ಅನಾಟಮಿ ಹಾಲಿನಲ್ಲಿ ಮಲಗಿದ್ದವರು ಅಂಥವರೇ. ನಂತರ ರೆಸಿಡೆನ್ಸಿ, ಕೆಲಸ, ಮನೆ, ಕಾರು ಎಲ್ಲವೂ ಬಂತು. ನನ್ನ ಮೊದಲ ಗುರುವಿನ ಹೆಸರು ಮಾತ್ರ ನನಗೆ ತಿಳಿಯದು. ಈ ಸಭೆಯಲ್ಲಿರುವ ವೈದ್ಯಮಿತ್ರರಲ್ಲಿ ಬಹಳ ಜನರಿಗೂ ತಿಳಿದಿರಲಿಕ್ಕಿಲ್ಲ.

ಈ ಋಣ ತೀರಿಸುವ ದಾರಿಯನ್ನು ನಮ್ಮ ನಾಡಿನವರೇ ತೋರಿಸಿದ್ದಾರೆ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ದೇಹದಾನ ಮಾಡಿದ್ದ ತಮ್ಮ ತಂದೆಯ ಇಚ್ಛೆಯಂತೆ, ಆ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಮ್ಮ ಕೈಯಾರೆ ಡಿಸೆಕ್ಷನ್ ಮಾಡಿ ಪಾಠ ಹೇಳಿದರು. ಅನಾಥ ಶವ ಅಲ್ಲಿ ಗುರುದಕ್ಷಿಣೆಯಾಯಿತು.

ನಾವಿರುವ ಈ ದೇಶದಲ್ಲೂ ವೈದ್ಯಕೀಯ ಕಾಲೇಜುಗಳು ದೇಹದಾನ ಸ್ವೀಕರಿಸುತ್ತವೆ. ಬದುಕಿರುವಾಗಲೇ ಅರ್ಜಿ ತುಂಬಿ, ಮನೆಯವರಿಗೆ ಹೇಳಿಡಬೇಕು. "ಸಂಸ್ಕಾರ ಆಗಬೇಡವೇ?" ಎಂದು ನಮ್ಮ ಅಮ್ಮಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪಾಠ ಮುಗಿದ ಮೇಲೆ ದಹನ ಮಾಡಿ ಬೂದಿಯನ್ನು ಮನೆಯವರಿಗೆ ಒಪ್ಪಿಸುವ ಕಾಲೇಜುಗಳು ಅನೇಕ ಇವೆ, ಮೊದಲೇ ವಿಚಾರಿಸಿಕೊಳ್ಳಿ. ಒಪ್ಪುವುದು, ಬಿಡುವುದು ನಿಮ್ಮ ಮನಸ್ಸಿಗೆ ಸೇರಿದ್ದು. ಮನೆಯಲ್ಲಿ ಒಮ್ಮೆ ಮಾತಾಡಿ ಎಂಬುದಷ್ಟೇ ನನ್ನ ವಿನಂತಿ.