ಗೊಬ್ಬರ, ಗೋಡು ಸಾಗಿಸಲು ಎಂಥ ಟ್ರೈಲರ್?

(ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಶಿಕಾರಿಪುರ, ಸೊರಬ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಕೊಟ್ಟಿಗೆ ಗೊಬ್ಬರ ಗದ್ದೆಗೆ, ಕೆರೆಯ ಗೋಡು ಅಡಿಕೆ ತೋಟಕ್ಕೆ ಹೊರಡುತ್ತದೆ. ಬುಟ್ಟಿಯಲ್ಲಿ ಇಳಿಸುವ ಶ್ರಮ ತಪ್ಪಲೆಂದು ನಿಮ್ಮಲ್ಲಿ ಹಲವರು ತೊಟ್ಟಿ ಎತ್ತಿ ಸುರಿಯುವ ಟ್ರೈಲರ್ ಕೊಳ್ಳಲು ಹೊರಟಿದ್ದೀರಿ. ಒಳ್ಳೆಯದೇ. ಆದರೆ ತೊಟ್ಟಿಯ ಅಳತೆ ನೋಡಿ ಮರುಳಾಗಬೇಡಿ. ತುಂಬುವ ವಸ್ತುವಿನ ತೂಕ ನೋಡಿ.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ 120 ಘನ ಅಡಿ ಹಿಡಿಯುತ್ತದೆ. ಕಳಿತು ಒಣಗಿದ ಗೊಬ್ಬರವಾದರೆ ಸುಮಾರು 2 ಟನ್. ಅದೇ ತೊಟ್ಟಿಗೆ ಹಸಿ ಗೋಡು ತುಂಬಿದರೆ ಸುಮಾರು 6 ಟನ್! ಗೊಬ್ಬರಕ್ಕೆ ಸಾಕಾದ ಅಚ್ಚು, ಟಯರು ಗೋಡಿಗೆ ಸಾಲವು. 3 ಟನ್ನಿನ ಟ್ರೈಲರಿಗೆ ಗೋಡು ಅರ್ಧ ತೊಟ್ಟಿ ಮಾತ್ರ.

ಎರಡು ಚಕ್ರದ ಟ್ರೈಲರ್ ಸ್ವಲ್ಪ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಹಾಕುವುದರಿಂದ ಕೆಸರಿನಲ್ಲಿ ಹಿಡಿತ ಸಿಗುತ್ತದೆ. ತೋಟದ ಇಕ್ಕಟ್ಟಿನಲ್ಲಿ ಹಿಂದೆ ತೆಗೆಯುವುದೂ ಸುಲಭ. ನಾಲ್ಕು ಚಕ್ರದ್ದು ಭಾರವನ್ನು ತಾನೇ ಹೊರುತ್ತದೆ. ಹಿಂದೆ ತೆಗೆಯುವುದು ಕಷ್ಟ. ಕೊಳ್ಳುವ ಮುನ್ನ ನಿಮ್ಮ ಟ್ರ್ಯಾಕ್ಟರಿಗೇ ಕಟ್ಟಿ, ತುಂಬಿದ ತೊಟ್ಟಿ ಎತ್ತಿಸಿ ನೋಡಿ. ಬ್ರೇಕು, ಹಿಂಬದಿಯ ಕೆಂಪು ದೀಪ ಇಲ್ಲದ್ದನ್ನು ಮುಟ್ಟಬೇಡಿ.

ಕೊನೆಯ ಮಾತು ಜೀವದ್ದು. ಓರೆ ನೆಲದಲ್ಲಿ ತೊಟ್ಟಿ ಎತ್ತಿದರೆ ಟ್ರೈಲರ್ ಮಗುಚೀತು. ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ. ಎತ್ತಿದ ತೊಟ್ಟಿಗೆ ಗಟ್ಟಿ ಆಸರೆ ಕೊಡದೆ ಅಡಿಗೆ ಹೋಗಬೇಡಿ. ಎಣ್ಣೆಯ ಪೈಪು ಒಡೆದರೆ ತೊಟ್ಟಿ ಕ್ಷಣದಲ್ಲಿ ಕೆಳಗಿರುತ್ತದೆ. ಹಾಲಿನ ಹಣದಲ್ಲಿ ಕಂತು ಕಟ್ಟುವ ಸಂಸಾರಕ್ಕೆ ದುಡಿಯುವ ಕೈ ಮೊದಲು, ಗಾಡಿ ಆಮೇಲೆ.