ಹಳೆಯ ಕಹಳೆಯೋ, ಹೊಸ ಕಹಳೆಯೋ?



ಹಿತ್ತಾಳೆಯ ಊದುವಾದ್ಯವೊಂದನ್ನು ಕೊಳ್ಳಬೇಕಾದವನು ಹೊಸದನ್ನು ಆರಿಸುವುದು ಲೇಸೋ ಹಳೆಯದನ್ನು ಆರಿಸುವುದು ಲೇಸೋ ಎಂಬುದು ಇಂದಿನ ಪ್ರಸ್ತಾಪ. ಇದು ಪಾಶ್ಚಾತ್ಯ ಸಂಗೀತಕ್ಕೆ ಸೇರಿದ ಮಾತು, ನಮಗೆ ಇದರಿಂದೇನು, ಎಂದು ಕೇಳುವವರಿದ್ದರೆ ಅವರು ಒಮ್ಮೆ ಜನವರಿ ತಿಂಗಳಲ್ಲಿ ನಮ್ಮ ಸೀಮೆಗೆ ಬರತಕ್ಕದ್ದು. ಎರಡು ವರ್ಷಕ್ಕೊಮ್ಮೆ 18ನೆಯ ತಾರೀಖಿನ ಬೆಳಗಿನ ಜಾವ ಉಡುಪಿಯ ಜೋಡುಕಟ್ಟೆಯಿಂದ ಪರ್ಯಾಯದ ಮೆರವಣಿಗೆ ಹೊರಟಾಗ ಕೊಂಬು, ಚೆಂಡೆಗಳೊಡನೆ ಬ್ಯಾಂಡಿನವರೂ ಇರುತ್ತಾರೆ. ಅದೇ ತಿಂಗಳಲ್ಲಿ ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಉತ್ಸವ. ಮದುವೆಯ ದಿಬ್ಬಣಗಳ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಮೈಸೂರಿನ ಶ್ರೋತೃಗಳಿಗೆ ಅರಮನೆಯ ಬ್ಯಾಂಡಿನ ಪರಂಪರೆ ತಿಳಿದೇ ಇದೆ. ಕರಾವಳಿಯಲ್ಲಿ ಇದಕ್ಕೆ ಅರಮನೆಯ ಆಶ್ರಯವಿಲ್ಲ. ಬಡಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ಸಾಕಿಕೊಂಡು ಬಂದ ಕಸಬು ಇದು. ಆದುದರಿಂದ ವಾದ್ಯದ ಆಯ್ಕೆ ಇಲ್ಲಿ ಕೇವಲ ರುಚಿಯ ವಿಚಾರವಲ್ಲ.

ಮೊದಲು ವಾದ್ಯದ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ನಮ್ಮ ಕೊಂಬು ಬರಿಯ ಬಾಗಿದ ಕೊಳವೆ. ತುಟಿಗಳ ಬಿಗಿಯನ್ನು ಹೆಚ್ಚು ಕಡಿಮೆ ಮಾಡಿ ಅದರಲ್ಲಿ ಕೆಲವೇ ಸ್ವರಗಳನ್ನು ಹೊರಡಿಸಬಹುದು. ನಡುವಣ ಸ್ವರಗಳು ಅದಕ್ಕೆ ಎಟುಕುವುದಿಲ್ಲ. 1818ರಲ್ಲಿ ಪ್ರಷ್ಯದ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಸನ್ನದು ಪಡೆದರು. ವಾಲ್ವನ್ನು ಒತ್ತಿದರೆ ಉಸಿರಿನ ದಾರಿಗೆ ಒಂದು ತುಂಡು ಕೊಳವೆ ಹೆಚ್ಚಾಗಿ ಸೇರಿ ಸ್ವರ ಇಳಿಯುವುದು. ಮೂರು ವಾಲ್ವುಗಳಿಂದ ಹನ್ನೆರಡು ಸ್ವರಸ್ಥಾನಗಳೂ ಸಿಕ್ಕುವುವು. ಕಾರ್ನೆಟ್, ಟ್ರಂಪೆಟ್, ಯೂಫೋನಿಯಂ ಎಲ್ಲವೂ ಈ ಯುಕ್ತಿಯ ಮಕ್ಕಳೇ. (ನಮ್ಮ ಗಮಕಗಳನ್ನು ಈ ವಾಲ್ವುಗಳ ಮೇಲೆ ಎಳೆದು ತರುವುದು ಎಷ್ಟು ಕಷ್ಟವೆಂಬುದು ಬೇರೆಯೇ ಒಂದು ಭಾಷಣದ ವಿಷಯ.)

ಹಳೆಯ ವಾದ್ಯದ ಪಕ್ಷಪಾತಿಗಳು ಮೊದಲು ಎತ್ತುವ ಮಾತು ನಾದ. ಹಳೆಯ ಲೋಹ ಪಕ್ವವಾಗಿದೆ, ಊದಿ ಊದಿ ಅದರ ಕಣಕಣವೂ ಪಳಗಿದೆ, ಆದುದರಿಂದ ಆ ಮಾಧುರ್ಯ ಎಂದು ಅವರು ಹೇಳುವರು. ಮಾಧುರ್ಯವಿರುವುದು ನಿಜ, ಕಾರಣ ಮಾತ್ರ ಅದಲ್ಲ. ಈ ವಾದ್ಯಗಳಲ್ಲಿ ಮಿಡಿಯುವುದು ಮುಖ್ಯವಾಗಿ ಒಳಗಿನ ಗಾಳಿಯ ಕಂಬವೇ ಹೊರತು ಲೋಹದ ಗೋಡೆಯಲ್ಲ. ಇಂಗ್ಲೆಂಡಿನ ರಿಚರ್ಡ್ ಸ್ಮಿತ್ ಎಂಬ ವಾದ್ಯತಜ್ಞರು ಬೇರೆ ಬೇರೆ ದಪ್ಪದ ತಗಡಿನ ಬಾಯಿಗಳನ್ನು ಟ್ರೋಂಬೋನಿಗೆ ಜೋಡಿಸಿ, ನುರಿತ ವಾದಕರ ಕಣ್ಣು ಕಟ್ಟಿ ಊದಿಸಿ ನೋಡಿದರು. 1986ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ವಾದಕರಿಗೆ ಒಂದಕ್ಕೂ ಇನ್ನೊಂದಕ್ಕೂ ಭೇದ ತಿಳಿಯಲಿಲ್ಲ. ಹಳೆಯ ಕಾರ್ನೆಟ್ಟಿನ ಮೃದುತ್ವಕ್ಕೆ ಕಾರಣ ಅದರ ಕೊಳವೆಯ ಆಕಾರ, ಒಳ ಅಳತೆ, ಆಳವಾದ ಮೌತ್‌ಪೀಸ್. ಅದೇ ಆಕಾರದಲ್ಲಿ ಇಂದು ಮಾಡಿದರೂ ಅದೇ ನಾದ ಬರುವುದು. ಆದರೆ ಇಂದಿನ ಟ್ರಂಪೆಟ್ಟುಗಳನ್ನು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ದೂರಕ್ಕೆ ಮೊಳಗಲಿ ಎಂದು ಪ್ರಖರವಾಗಿಯೇ ಮಾಡುತ್ತಾರೆ. ಹಾಗಾಗಿ ಹಳೆಯವರ ಕಿವಿ ಸುಳ್ಳು ಹೇಳುತ್ತಿಲ್ಲ.

ನಾದಕ್ಕಿಂತ ಹೆಚ್ಚಾಗಿ ಪರೀಕ್ಷಿಸತಕ್ಕುದು ಶ್ರುತಿ. ಬಹುಮಂದಿ ಎಡವುವುದು ಇಲ್ಲಿಯೇ. ಇಂದು ಜಗತ್ತಿನ ಬಹುಪಾಲು ವಾದ್ಯಗಳ ಶ್ರುತಿಗೆ ಆಧಾರ, ಸೆಕೆಂಡಿಗೆ 440 ಕಂಪನಗಳ 'ಎ' ಸ್ವರ; 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ಇದನ್ನು ಒಪ್ಪಿತು. ಆದರೆ ಬ್ರಿಟಿಷ್ ಬ್ಯಾಂಡುಗಳ ಹಳೆಯ ಶ್ರುತಿ ಸುಮಾರು 452. ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯ ಹೊತ್ತಿಗೆ ಇದರಿಂದ ಕೆಳಗಿಳಿದರೂ, ಇಂಗ್ಲೆಂಡಿನ ಊರುಕೇರಿಗಳ ಹಿತ್ತಾಳೆ ಬ್ಯಾಂಡುಗಳು 1960ರ ದಶಕದವರೆಗೂ ಹಳೆಯದನ್ನೇ ಹಿಡಿದುಕೊಂಡಿದ್ದವು. 440ಕ್ಕೂ 452ಕ್ಕೂ ಹನ್ನೆರಡೇ ಕಂಪನಗಳ ಅಂತರವಲ್ಲವೆ ಎನ್ನಬಾರದು. ಹಾರ್ಮೋನಿಯಮ್ಮಿನ ಒಂದು ಬಿಳಿ ಮನೆಗೂ ಅದರ ಪಕ್ಕದ ಕಪ್ಪು ಮನೆಗೂ ಹೆಚ್ಚುಕಡಿಮೆ ನಡುವೆ ಬಿದ್ದಂತೆ ಅದು. ಯಕ್ಷಗಾನದ ಭಾಗವತರ ಶ್ರುತಿಪೆಟ್ಟಿಗೆ ಅಷ್ಟು ತಪ್ಪಿದರೆ ಪ್ರೇಕ್ಷಕರು ಎದ್ದುಹೋಗುವರು.

ಜಾರುಕೊಳವೆಯನ್ನು ಹೊರಕ್ಕೆ ಎಳೆದರೆ ಶ್ರುತಿ ಇಳಿಯದೆ? ಇಳಿಯುವುದು. ಕಾರ್ನೆಟ್ಟಿನ ಕೊಳವೆಯ ಒಟ್ಟು ಉದ್ದ ಸುಮಾರು ನಾಲ್ಕೂವರೆ ಅಡಿ. 452ರಿಂದ 440ಕ್ಕೆ ಇಳಿಯಬೇಕಾದರೆ ಅದು ಒಂದೂವರೆ ಅಂಗುಲ ಬೆಳೆಯಬೇಕು. ಕೊಳವೆ ಎರಡು ಕಾಲಿನದಾದುದರಿಂದ ಮುಕ್ಕಾಲು ಅಂಗುಲ ಎಳೆದರೆ ಸಾಕು. ಆದರೆ ವಾಲ್ವುಗಳ ಚಿಕ್ಕ ಕೊಳವೆಗಳನ್ನೂ ಆ ಪ್ರಮಾಣದಲ್ಲಿ ಎಳೆಯದಿದ್ದರೆ ಸ್ವರಸ್ವರಕ್ಕೂ ಅಪಸ್ವರ. ಒಂಬತ್ತು ಅಡಿಯ ಯೂಫೋನಿಯಂನಲ್ಲಿ ತೊಡಕು ಇಮ್ಮಡಿ. ಸಾಲದುದಕ್ಕೆ ಗಾಳಿ ಬಿಸಿಯಾದಷ್ಟೂ ಶ್ರುತಿ ಏರುವುದು. ನಮ್ಮ ಮೆರವಣಿಗೆಗಳೋ ಏಪ್ರಿಲ್ ತಿಂಗಳ ನಡುಹಗಲಿನವು.

ಕಾರ್ಕಳದ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಈ ಪ್ರಶ್ನೆ ನಿಜವಾಗಿಯೂ ಎದ್ದಿತು. ಅವನ ಅಜ್ಜ ನಲವತ್ತು ವರ್ಷ ಬ್ಯಾಂಡಿನಲ್ಲಿ ಕಾರ್ನೆಟ್ ಊದಿದವರು. ಹಲ್ಲು ಬಿದ್ದ ಮೇಲೆ ಊದುವುದು ನಿಂತಿತು. ಅವರ ಜಾಗಕ್ಕೆ ಮೊಮ್ಮಗ ಬರಲಿ ಎಂದು ಬ್ಯಾಂಡಿನ ಹಿರಿಯರು ಹೇಳಿದರು, ಆದರೆ ಮುಂದಿನ ಉತ್ಸವದೊಳಗೆ ಅವನು ಸಿದ್ಧನಾಗಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಮನೆಯಲ್ಲಿದ್ದ ಹಣ ಒಂದು ಕೆಲಸಕ್ಕೆ ಮಾತ್ರ ಸಾಲುವಂತಿತ್ತು: ಅಜ್ಜನ ಲಂಡನ್ ಕಾರ್ನೆಟ್ಟನ್ನು ದುರಸ್ತಿ ಮಾಡಿಸುವುದು, ಇಲ್ಲವೆ ಹೊಸತೊಂದನ್ನು ತರುವುದು. ಈ ನಡುವೆ ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬನು ಬಂದು, ಹೋಟೆಲಿನ ಗೋಡೆಗೆ ಅಲಂಕಾರವಾಗಿ ತೂಗುಹಾಕಲು ಅದನ್ನು ಕೇಳಿದ್ದನಂತೆ.

ವಾದ್ಯವನ್ನು ಮಣಿಪಾಲಕ್ಕೆ ತರಿಸಿ ನೋಡಿದೆವು. ಹಳೆಯ ವಾದ್ಯದ ವಾಲ್ವನ್ನು ಪರೀಕ್ಷಿಸುವ ಸುಲಭ ಉಪಾಯವೊಂದುಂಟು. ವಾಲ್ವನ್ನು ಒತ್ತದೆ, ಅದರ ಚಿಕ್ಕ ಕೊಳವೆಯನ್ನು ಸ್ವಲ್ಪ ಹೊರಕ್ಕೆಳೆದು ಕೆಲವು ಕ್ಷಣ ಕಾದು, ಅನಂತರ ವಾಲ್ವನ್ನು ಒತ್ತಬೇಕು. 'ಟಪ್' ಎಂದು ಶಬ್ದ ಬಂದರೆ ವಾಲ್ವು ಗಾಳಿಯನ್ನು ಹಿಡಿದಿದೆ. ಬಾರದಿದ್ದರೆ ಸವೆದು ಸೋರುತ್ತಿದೆ. ಈ ಕಾರ್ನೆಟ್ಟಿನಲ್ಲಿ ಎರಡು ವಾಲ್ವುಗಳು ಉತ್ತರ ಕೊಟ್ಟವು, ಮೂರನೆಯದು ಕೊಡಲಿಲ್ಲ. ಬಳಿಕ ಪ್ರಯೋಗಶಾಲೆಯಲ್ಲಿ ಶ್ರುತಿಯನ್ನು ಅಳೆದೆವು. ಜಾರುಕೊಳವೆಯನ್ನು ಪೂರಾ ಎಳೆದರೂ ಅದು 440ಕ್ಕೆ ಬರಲಿಲ್ಲ. ಉಳಿದ ಬ್ಯಾಂಡಿನವರ ವಾದ್ಯಗಳೆಲ್ಲ ಇತ್ತೀಚಿನವು. ಅಜ್ಜನೂ ಅವರೂ ಒಟ್ಟಿಗೆ ಊದುತ್ತಿದ್ದುದು ಹೇಗೆ ಎಂದು ಕೇಳಿದೆವು. "ತುಟಿಯಲ್ಲಿ ಇಳಿಸುತ್ತಿದ್ದೆ, ಮಾಷ್ಟ್ರೇ," ಎಂದರು. "ನನಗೆ ಅಭ್ಯಾಸ. ಹುಡುಗನಿಗೆ ಅದನ್ನು ಕಲಿಸಿದರೆ ಅವನ ತುಟಿ ಕೆಡುತ್ತದೆ."

ಹೊಸತರ ಮಾತಿಗೆ ಬಂದರೆ, ನಮ್ಮ ದೇಶದಲ್ಲಿ ಬ್ಯಾಂಡಿನ ವಾದ್ಯಗಳನ್ನು ಮಾಡುವ ಪ್ರಸಿದ್ಧ ಸ್ಥಳ ಮೀರತ್ ನಗರದ ಜಾಲಿ ಕೋಠಿ. ಅಲ್ಲಿಯ ವಾದ್ಯಗಳ ಕ್ರಯ ಅಗ್ಗ, ಆದರೆ ಒಂದರಂತೆ ಇನ್ನೊಂದು ಇರುವುದೆಂದು ನಂಬಕೂಡದು. ಹತ್ತನ್ನು ಊದಿ ಒಂದನ್ನು ಆರಿಸಬೇಕು. ಹೊರದೇಶದ ಕಾರ್ಖಾನೆಗಳ ಕಲಿಕೆಯ ವಾದ್ಯಗಳು ಹೆಚ್ಚು ಸಮನಾಗಿರುತ್ತವೆ, ಕ್ರಯವೂ ಹೆಚ್ಚು. ಇನ್ನು ಕೆಲವು ಅಂಗಡಿಗಳಲ್ಲಿ ಹಳೆಯದರಂತೆ ಕಪ್ಪಾಗಿಸಿದ ಹೊಸ ಕಹಳೆಗಳುಂಟು. ಅವು ಕಣ್ಣಿಗೆ ಮಾತ್ರ.

ಕರಾವಳಿಯಲ್ಲಿ ಹಳೆಯದನ್ನು ಕೊಳ್ಳುವವರು ಹವೆಯನ್ನೂ ಎಣಿಸಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಕಡಲಿನ ಉಪ್ಪುಗಾಳಿ ಬೇರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ, ಸಾಮಾನ್ಯವಾಗಿ ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಎಂಜಲೂ ಉಪ್ಪೂ ಒಳಗೆ ನಿಂತರೆ ಸತು ಕರಗಿ ಹೋಗಿ ಬಲವಿಲ್ಲದ ತಾಮ್ರ ಮಾತ್ರ ಉಳಿಯುವುದು. ಹೊರಗೆ ನಸುಗೆಂಪು ಚುಕ್ಕೆಗಳು ಕಾಣಿಸಿದವೆಂದರೆ ರೋಗ ಒಳಗಿನಿಂದ ಹೊರಬಂದಿತೆಂದೇ ತಿಳಿಯತಕ್ಕದ್ದು. ಊದುವ ತುದಿಯ ಕೊಳವೆಯೊಳಗೆ ದೀಪ ಹಿಡಿದು ನೋಡದೆ ಹಣ ಕೊಡಬಾರದು. ಪಾತ್ರೆ ಬೆಳಗುವಂತೆ ಹುಣಿಸೆಹುಳಿ, ಬೂದಿಗಳಿಂದ ವರ್ಷಗಟ್ಟಲೆ ತಿಕ್ಕಿದ ವಾದ್ಯದ ತಗಡು ತೆಳುವಾಗಿ, ತಯಾರಕರ ಹೆಸರೂ ಅಳಿಸಿರುತ್ತದೆ.

ಇನ್ನೊಂದು ಅಪಾಯದ ಚರಿತ್ರೆ ವಿನೋದವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದೂಸ್ಥಾನದಲ್ಲಿದ್ದ ಬ್ರಿಟಿಷ್ ಸೇನೆಯ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಮ್ಮಷ್ಟಕ್ಕೆ ತಾವೇ ಬಿರಿಯುತ್ತಿದ್ದವು. ಮಳೆಯ ಋತುವಿನಲ್ಲಿ ಆಗುವುದರಿಂದ ಅದಕ್ಕೆ ಋತುಬಿರುಕು ಎಂದೇ ಹೆಸರಾಯಿತು. ಕಾರಣ ಸ್ಪಷ್ಟವಾದುದು 1921ರಲ್ಲಿ. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಕುದುರೆಗಳ ಮೂತ್ರದಿಂದೇಳುವ ಅಮೋನಿಯಾ, ಬಡಿದು ಬಗ್ಗಿಸಿದ ಹಿತ್ತಾಳೆಯ ಒಳಬಿಗಿತದೊಡನೆ ಸೇರಿ ಲೋಹವನ್ನು ಸೀಳುತ್ತಿತ್ತು. ಬಡಿದ ಮೇಲೆ ಹದವಾಗಿ ಕಾಯಿಸಿದ ಲೋಹಕ್ಕೆ ಈ ಭಯ ಕಡಿಮೆ. ನಮ್ಮ ಹಳ್ಳಿಮನೆಗಳಲ್ಲಿ ಬ್ಯಾಂಡಿನ ಸಾಮಾನು ಜೂನಿನಿಂದ ಸೆಪ್ಟೆಂಬರಿನವರೆಗೆ ಅಟ್ಟ ಸೇರುವುದು ವಾಡಿಕೆ. ಅಟ್ಟ ದನದ ಹಟ್ಟಿಗೆ ಹೊಂದಿಕೊಂಡಿದ್ದರೆ ಅದು ಕುದುರೆಲಾಯವೇ ಸರಿ.

ಹೀಗೆಲ್ಲ ಇರುವುದರಿಂದ ನಮ್ಮ ಅಭಿಪ್ರಾಯ ಇಷ್ಟು. ಕಲಿಯುವವನಿಗೆ, ಹತ್ತು ಜನರ ಜೊತೆ ಊದುವವನಿಗೆ, ಹೊಸದೇ ಲೇಸು. ಶ್ರುತಿ 440ಕ್ಕೆ ಕೂಡುವ, ವಾಲ್ವು ಸೋರದ, ಕೆಂಪು ಚುಕ್ಕೆಯಿಲ್ಲದ ಹಳೆಯ ವಾದ್ಯ ನುರಿತವನ ಕೈಗೆ ಸಿಕ್ಕಿದರೆ ಅವನು ಹೊಸತನ್ನು ನೋಡಬೇಕಾದುದಿಲ್ಲ. ಆದರೆ ಅದರ ಮೂಲ ಮೌತ್‌ಪೀಸನ್ನೂ ಕೇಳಿ ಪಡೆಯಲಿ: ಹಳೆಯ ಬ್ರಿಟಿಷ್ ಯೂಫೋನಿಯಂಗಳ ತುದಿಯ ಅಳತೆಗೆ ಇಂದಿನ ಮೌತ್‌ಪೀಸುಗಳು ಬಹುಮಟ್ಟಿಗೆ ಹೊಂದುವುದಿಲ್ಲ.

ಕಾರ್ಕಳದ ಹುಡುಗನಿಗೆ ಹೊಸ ಕಾರ್ನೆಟ್ ಬಂದಿತು. ವ್ಯಾಪಾರಿಯನ್ನು ಬರಿಗೈಯಲ್ಲಿ ಕಳುಹಿಸಿದರು. ಅಜ್ಜನ ವಾದ್ಯಕ್ಕೆ ಉದ್ದನೆಯ ಜಾರುಕೊಳವೆಯೊಂದನ್ನು ಮಾಡಿಕೊಡಲು ಆಗುವುದೇ ಎಂದು ಊರಿನ ಕಂಚುಗಾರನೊಬ್ಬನು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅಲ್ಲಿಯವರೆಗೆ ಅದು ಹಟ್ಟಿಯಿಂದ ದೂರ, ಚಾವಡಿಯ ಮರದ ಪೆಟ್ಟಿಗೆಯಲ್ಲಿದೆ.